ಟೆಂಪೊ ಟ್ರಾವೆಲರ್ ಮನೆಯಾದರೆ ಅದರ ಬ್ರೇಕ್‌ಗೆ ಏನಾಗುತ್ತದೆ?

ಹಳೆಯ ಟೆಂಪೊ ಟ್ರಾವೆಲರ್ ಒಂದನ್ನು ಕೊಂಡು, ಸೀಟುಗಳನ್ನು ಕಿತ್ತು, ಒಳಗೆ ಹಾಸಿಗೆ, ಒಲೆ, ಫ್ರಿಜ್, ಪುಟ್ಟ ಶೌಚಾಲಯ ಕೂರಿಸಿ ಊರೂರು ಸುತ್ತುವುದು ಈಗ ಅನೇಕರ ಕನಸು. ಕೇಂದ್ರ ಪ್ರವಾಸೋದ್ಯಮ ಸಚಿವಾಲಯ 2010ರಲ್ಲೇ ಕ್ಯಾರವಾನ್ ಪ್ರವಾಸಕ್ಕೆಂದು ಒಂದು ನೀತಿ ಪ್ರಕಟಿಸಿತ್ತು. ಆದರೆ ಅದು ಜನರ ಮಾತಿಗೆ ಬಂದದ್ದು ಕೊರೊನಾ ಕಾಲದ ನಂತರ. ಇಂಥ ಗಾಡಿಗಳ ಬಗ್ಗೆ ಮಾತಾಡುವಾಗ ಜನ ಹೆಚ್ಚಾಗಿ ಕೇಳುವುದು ಎಸಿ ಎಷ್ಟು ಹೊತ್ತು ಓಡುತ್ತದೆ, ಸೋಲಾರ್ ಎಷ್ಟು ವಾಟ್ ಎಂದು. ಬ್ರೇಕ್ ಬಗ್ಗೆ ಕೇಳುವವರು ಕಡಿಮೆ. ಕೇಳಿದರೂ ಸಿಗುವ ಉತ್ತರ ಎರಡೇ: 'ಕಂಪನಿ ಬ್ರೇಕ್ ಸಾಕು, ಹದಿನೇಳು ಜನ ಕೂರುತ್ತಿದ್ದ ಗಾಡಿ ತಾನೆ', ಇಲ್ಲವೇ 'ದೊಡ್ಡ ಡಿಸ್ಕ್ ಹಾಕಿಸಿಬಿಡಿ, ಚಿಂತೆ ಇಲ್ಲ'.

ಎರಡೂ ಅರ್ಧ ಸತ್ಯಗಳು. ಭಾರದ ಗಾಡಿಯ ಬ್ರೇಕ್ ಕೈಕೊಡುವುದು ಸಾಮಾನ್ಯವಾಗಿ ಅದಕ್ಕೆ ಶಕ್ತಿ ಸಾಲದೆ ಅಲ್ಲ, ಅದು ಶಾಖ ತಾಳಲಾರದೆ. ಇದನ್ನು ಅರ್ಥ ಮಾಡಿಕೊಂಡರೆ ಯಾವ ಖರ್ಚು ಉಪಯೋಗಕ್ಕೆ ಬರುತ್ತದೆ, ಯಾವುದು ಬರುವುದಿಲ್ಲ ಎಂಬುದು ತಾನಾಗಿಯೇ ತಿಳಿಯುತ್ತದೆ.

ಒಂದೇ ಊರಿನ ಪಕ್ಕ ಎರಡು ಪರೀಕ್ಷೆ

ಬ್ರೇಕ್‌ಗೆ ಎರಡು ಬೇರೆ ಬೇರೆ ಕೆಲಸಗಳಿವೆ. ದೇವನಹಳ್ಳಿಯಲ್ಲಿ ನಿಂತರೆ ಎರಡನ್ನೂ ಹತ್ತಿರದಲ್ಲೇ ನೋಡಬಹುದು.

ಮೊದಲನೆಯದು ವಿಮಾನ ನಿಲ್ದಾಣದ ಕಡೆಯ ರಾಷ್ಟ್ರೀಯ ಹೆದ್ದಾರಿ 44. ನೇರ, ಅಗಲ ರಸ್ತೆ. ಗಾಡಿ ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿರುತ್ತದೆ. ಮುಂದಿನ ಕ್ಯಾಬ್ ಥಟ್ಟನೆ ನಿಲ್ಲುತ್ತದೆ. ಆಗ ಬೇಕಾದದ್ದು ಒಂದೇ ಸಲ ಜೋರಾದ ಬ್ರೇಕ್.

ಎರಡನೆಯದು ನಂದಿಬೆಟ್ಟದ ರಸ್ತೆ. ಸಮುದ್ರ ಮಟ್ಟದಿಂದ 1,478 ಮೀಟರ್ ಎತ್ತರದ ಈ ಬೆಟ್ಟ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದ್ದರೂ ಬೆಂಗಳೂರಿನವರು ಅಲ್ಲಿಗೆ ಹೋಗುವುದು ಹೆಚ್ಚಾಗಿ ದೇವನಹಳ್ಳಿಯನ್ನು ದಾಟಿಕೊಂಡೇ. ಸೂರ್ಯೋದಯ ನೋಡಲು ಕತ್ತಲಲ್ಲೇ ಹತ್ತಿದ ಗಾಡಿಗಳು ಬೆಳಿಗ್ಗೆ ಸಾಲುಗಟ್ಟಿ ಇಳಿಯುತ್ತವೆ. ಏಳೆಂಟು ಕಿಲೋಮೀಟರ್ ಉದ್ದಕ್ಕೂ ತಿರುವಿನ ಮೇಲೆ ತಿರುವು. ಅಷ್ಟರಲ್ಲಿ ಸುಮಾರು 400 ಮೀಟರ್ ಕೆಳಗೆ ಬಂದಿರುತ್ತೇವೆ. ಇಲ್ಲಿ ಜೋರಾದ ಬ್ರೇಕ್ ಬೇಕಾಗುವುದು ಅಪರೂಪ. ಆದರೆ ಮೆಲ್ಲಗೆ ಒತ್ತಿದ ಬ್ರೇಕ್ ಹತ್ತು ಹದಿನೈದು ನಿಮಿಷ ಬಿಡುವಿಲ್ಲದೆ ದುಡಿಯುತ್ತದೆ.

ಎರಡರಲ್ಲಿ ಯಾವುದು ಕಷ್ಟದ ಪರೀಕ್ಷೆ? ಹೆದ್ದಾರಿಯದು ಎಂದು ಅನ್ನಿಸುವುದು ಸಹಜ. ಲೆಕ್ಕ ಹಾಕಿ ನೋಡೋಣ.

ಓಡುವ ಗಾಡಿಯಲ್ಲಿ ಚಲನ ಶಕ್ತಿ ಇರುತ್ತದೆ. ಬ್ರೇಕ್ ಆ ಶಕ್ತಿಯನ್ನು ಇಲ್ಲವಾಗಿಸುವುದಿಲ್ಲ, ತಿಕ್ಕಾಟದಿಂದ ಶಾಖವಾಗಿ ಬದಲಿಸುತ್ತದೆ. ನಾಲ್ಕು ಟನ್ ತೂಕದ ಗಾಡಿ 80ರ ವೇಗದಿಂದ ಪೂರ್ತಿ ನಿಂತರೆ ಹುಟ್ಟುವ ಶಾಖ ಸುಮಾರು 10 ಲಕ್ಷ ಜೂಲ್. ಅದೇ ಗಾಡಿ 400 ಮೀಟರ್ ಇಳಿದಾಗ ಬಿಡುಗಡೆಯಾಗುವ ಶಕ್ತಿ ಸುಮಾರು 157 ಲಕ್ಷ ಜೂಲ್. ಅಂದರೆ ಒಮ್ಮೆ ನಂದಿಬೆಟ್ಟ ಇಳಿಯುವುದು ಹೆದ್ದಾರಿಯಲ್ಲಿ 80ರ ವೇಗದಿಂದ ಹದಿನೈದು ಹದಿನಾರು ಸಲ, ನಡುವೆ ಬಿಡುವಿಲ್ಲದೆ, ಪೂರ್ತಿ ನಿಲ್ಲಿಸಿದ್ದಕ್ಕೆ ಸಮ.

ಇದರಲ್ಲಿ ಸುಮಾರು ಕಾಲು ಭಾಗವನ್ನು ಟೈರಿನ ಉರುಳಾಟ ಮತ್ತು ಗಾಳಿಯ ತಡೆ ತಿಂದುಹಾಕುತ್ತವೆ ಎಂದುಕೊಳ್ಳೋಣ. ಉಳಿದದ್ದು 120 ಲಕ್ಷ ಜೂಲ್. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಇಳಿಯಲು 16 ನಿಮಿಷ ಬೇಕು. ಎಂಜಿನ್ ನೆರವನ್ನು ಪಡೆಯದೆ ಬರೀ ಬ್ರೇಕ್ ಒತ್ತುತ್ತಾ ಇಳಿದರೆ, ಎರಡು ಕಿಲೋವಾಟ್‌ನ ಆರು ಬಚ್ಚಲಮನೆ ಗೀಸರ್‌ಗಳನ್ನು ಹದಿನಾರು ನಿಮಿಷ ಒಟ್ಟಿಗೆ ಉರಿಸಿದಷ್ಟು ಶಾಖ ನಾಲ್ಕು ಚಕ್ರಗಳ ಒಳಗೆ ಹುಟ್ಟುತ್ತದೆ. ಗೀಸರ್‌ನಲ್ಲಿ ಆ ಶಾಖವನ್ನು ಹೀರಲು ನೀರಿದೆ. ಇಲ್ಲಿ ಇರುವುದು ಎರಕದ ಕಬ್ಬಿಣದ ಡಿಸ್ಕ್ ಮತ್ತು ಡ್ರಮ್ ಮಾತ್ರ. ಅವುಗಳ ಒಟ್ಟು ತೂಕ 60 ಕಿಲೋ ಎಂದಿಟ್ಟುಕೊಂಡರೆ, ಗಾಳಿಗೆ ಒಂದಿಷ್ಟೂ ಶಾಖ ಹೋಗದಿದ್ದ ಪಕ್ಷದಲ್ಲಿ ಅವು 400 ಡಿಗ್ರಿಯಷ್ಟು ಕಾಯುತ್ತವೆ. ನಿಜವಾಗಿ ಗಾಳಿ ಒಂದಿಷ್ಟು ತಣಿಸುತ್ತದೆ. ಆದರೆ ನಿಧಾನವಾಗಿ ಇಳಿಯುವ ಗಾಡಿಗೆ ಬಡಿಯುವ ಗಾಳಿಯೂ ಕಡಿಮೆ.

ಇದು ನಂದಿಬೆಟ್ಟದ ಲೆಕ್ಕ. ಕ್ಯಾರವಾನ್ ಕಟ್ಟಿಸಿದವರು ಅಲ್ಲಿಗೇ ನಿಲ್ಲುವುದಿಲ್ಲ, ಕಡಲು ನೋಡಲು ಹೊರಡುತ್ತಾರೆ. ಸಕಲೇಶಪುರ 900 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಅಲ್ಲಿಂದ ಶಿರಾಡಿ ಘಾಟಿ ಇಳಿದು ಕರಾವಳಿ ಮುಟ್ಟುವಷ್ಟರಲ್ಲಿ ನಂದಿಯ ಎರಡು ಪಟ್ಟು ಇಳಿದಿರುತ್ತೇವೆ.

ಬಿಸಿಯಾದ ಬ್ರೇಕ್ ಹೇಗೆ ಕೈಕೊಡುತ್ತದೆ?

ಇದಕ್ಕೆ ಮೂರು ದಾರಿಗಳಿವೆ. ಮೂರರ ಲಕ್ಷಣವೂ ಬೇರೆ ಬೇರೆ.

ಮೊದಲನೆಯದು ಲೈನರ್ ಅಥವಾ ಪ್ಯಾಡ್ ಸೋಲುವುದು. ಒಂದು ಮಿತಿಗಿಂತ ಹೆಚ್ಚು ಕಾದರೆ ಅದರ ಹಿಡಿತ ಕುಗ್ಗುತ್ತದೆ. ಪೆಡಲ್ ಗಟ್ಟಿಯಾಗಿಯೇ ಇರುತ್ತದೆ, ಎಷ್ಟು ತುಳಿದರೂ ಗಾಡಿ ಮಾತ್ರ ನಿಲ್ಲುವುದಿಲ್ಲ. ಜೊತೆಗೆ ಸುಟ್ಟ ವಾಸನೆ.

ಎರಡನೆಯದು ಡ್ರಮ್ ಹಿಗ್ಗುವುದು. ಕಾದ ಲೋಹ ಹಿಗ್ಗುತ್ತದೆ ಎಂದು ಶಾಲೆಯಲ್ಲಿ ಓದಿದ್ದೇವೆ. ಡ್ರಮ್ ಹಿಗ್ಗಿದರೆ ಅದರ ಒಳಗೋಡೆ ಬ್ರೇಕ್ ಶೂಗಳಿಂದ ದೂರ ಸರಿಯುತ್ತದೆ, ಪೆಡಲ್ ಮೊದಲಿಗಿಂತ ಕೆಳಕ್ಕೆ ಹೋಗುತ್ತದೆ. ಡಿಸ್ಕ್ ಬ್ರೇಕ್‌ನಲ್ಲಿ ಈ ತೊಂದರೆ ಇಲ್ಲ. ಕಾದ ಡಿಸ್ಕ್ ದಪ್ಪವಾಗುವುದು ಪ್ಯಾಡ್‌ಗಳ ಕಡೆಗೇ. ಡಿಸ್ಕ್ ಗಾಳಿಗೆ ತೆರೆದುಕೊಂಡಿರುವುದರಿಂದ ಬೇಗ ತಣಿಯುತ್ತದೆ ಕೂಡ.

ಮೂರನೆಯದು ಎಲ್ಲಕ್ಕಿಂತ ಅಪಾಯಕಾರಿ, ಬ್ರೇಕ್ ಆಯಿಲ್ ಕುದಿಯುವುದು. ನಮ್ಮ ಕಾಲಿನ ಒತ್ತಡ ಚಕ್ರಕ್ಕೆ ತಲುಪುವುದು ಈ ದ್ರವದ ಮೂಲಕ. ದ್ರವವನ್ನು ಒತ್ತಿ ಕುಗ್ಗಿಸಲಾಗದು, ಆವಿಯನ್ನು ಕುಗ್ಗಿಸಬಹುದು. ಆಯಿಲ್ ಕುದಿದು ಪೈಪಿನಲ್ಲಿ ಆವಿಯ ಗುಳ್ಳೆಗಳೆದ್ದರೆ ಕಾಲಿನ ಒತ್ತಡವೆಲ್ಲ ಗುಳ್ಳೆ ಕುಗ್ಗಿಸುವುದರಲ್ಲೇ ಮುಗಿದುಹೋಗುತ್ತದೆ. ಪೆಡಲ್ ಸ್ಪಂಜಿನಂತೆ ಮೆತ್ತಗಾಗಿ ನೆಲ ಮುಟ್ಟುತ್ತದೆ. ಗಾಡಿ ತಣ್ಣಗಾದ ಮೇಲೆ ಆವಿ ಮತ್ತೆ ದ್ರವವಾಗುತ್ತದೆ, ಪೆಡಲ್ ಮೊದಲಿನಂತಾಗುತ್ತದೆ. 'ಬ್ರೇಕ್ ಚೆನ್ನಾಗಿಯೇ ಇದೆಯಲ್ಲ, ಡ್ರೈವರ್ ತಪ್ಪಿರಬೇಕು' ಎಂಬ ಮಾತು ಬರುವುದು ಆಗಲೇ.

'ಆಯಿಲ್ ಕಡಿಮೆಯಾದರೆ ತುಂಬಿಸಿದರೆ ಸಾಕು'

ಸಾಲದು. ಸಾಮಾನ್ಯ ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುವ ಸ್ವಭಾವದ್ದು. ಡಬ್ಬದ ಮೇಲೆ ಡಾಟ್ 3, ಡಾಟ್ 4 ಎಂದು ಬರೆದಿರುತ್ತದೆ. ಡಾಟ್ 3 ದರ್ಜೆಯ ಹೊಸ ಆಯಿಲ್ ಕನಿಷ್ಠ 205 ಡಿಗ್ರಿಯವರೆಗೆ ಕುದಿಯಬಾರದು. ಸುಮಾರು 3.7 ಶೇಕಡ ನೀರು ಸೇರಿದಾಗ ಆ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ಡಾಟ್ 4ಕ್ಕೆ ಈ ಅಂಕಿಗಳು 230 ಮತ್ತು 155. ಡಾಟ್ 5.1ಕ್ಕೆ 260 ಮತ್ತು 180.

ಹಳೆಯ ಆಯಿಲ್ ನೋಡಲು ಸರಿಯಾಗಿಯೇ ಕಾಣಬಹುದು, ಸಪಾಟು ರಸ್ತೆಯಲ್ಲಿ ಸರಿಯಾಗಿಯೇ ಕೆಲಸ ಮಾಡಬಹುದು. ಅದರ ಬಣ್ಣ ಬಯಲಾಗುವುದು ಘಾಟಿಯಲ್ಲಿ. ಮೇಲಿನಿಂದ ಹೊಸದನ್ನು ಸುರಿದರೆ ಚಕ್ರದ ಬಳಿ, ಅಂದರೆ ಕಾಯುವ ಜಾಗದಲ್ಲೇ, ಇರುವ ಹಳೆಯ ಆಯಿಲ್ ಹಾಗೇ ಉಳಿಯುತ್ತದೆ. ಆದ್ದರಿಂದ ಗಾಡಿಯ ಕೈಪಿಡಿ ಹೇಳುವ ಅವಧಿಗೆ, ಬಹಳ ಗಾಡಿಗಳಿಗೆ ಎರಡು ವರ್ಷಕ್ಕೊಮ್ಮೆ, ನಾಲ್ಕೂ ಚಕ್ರಗಳಿಂದ ಹಳೆಯದನ್ನು ಹೊರತೆಗೆದು ಪೂರ್ತಿ ಬದಲಿಸಬೇಕು. ವರ್ಷದಲ್ಲಿ ಹತ್ತೇ ದಿನ ಓಡುವ ಕ್ಯಾರವಾನ್‌ಗೂ ಇದು ಅನ್ವಯಿಸುತ್ತದೆ. ತೇವ ಹೀರುವುದು ಗಾಡಿ ಓಡಿದ ಕಿಲೋಮೀಟರ್ ನೋಡಿಕೊಂಡಲ್ಲ, ಕಾಲ ಕಳೆದಂತೆ. ಬಿಚ್ಚಿಟ್ಟು ತಿಂಗಳುಗಟ್ಟಲೆ ಆದ ಡಬ್ಬವನ್ನೂ ಬಳಸಬೇಡಿ.

ಇನ್ನೊಂದು ಮಾತು. ಸೋರಿಕೆ ಇಲ್ಲದ ಗಾಡಿಯಲ್ಲಿ ಆಯಿಲ್ ಮಟ್ಟ ನಿಧಾನಕ್ಕೆ ಇಳಿಯುವುದು ಪ್ಯಾಡ್ ಸವೆದಂತೆಲ್ಲ. ಹಾಗಾಗಿ ಮಟ್ಟ ಇಳಿದಿದ್ದರೆ ತುಂಬಿಸುವ ಮೊದಲು ಪ್ಯಾಡ್ ನೋಡಿ, ಸೋರಿಕೆ ನೋಡಿ.

'ಹದಿನೇಳು ಜನ ಕೂರುತ್ತಿದ್ದ ಗಾಡಿ ತಾನೆ?'

ನಿಜ. ಒಬ್ಬರಿಗೆ 65 ಕಿಲೋ ಎಂದುಕೊಂಡರೂ ಹದಿನೇಳು ಜನ ಸುಮಾರು 1,100 ಕಿಲೋ. ಈಗ ಮನೆಯ ಲೆಕ್ಕ ನೋಡಿ. ನೀರು ಲೀಟರಿಗೆ ಒಂದು ಕಿಲೋ. 150 ಲೀಟರ್ ಟ್ಯಾಂಕ್ ತುಂಬಿದರೆ 150 ಕಿಲೋ. ಇನ್ವರ್ಟರ್‌ಗೆ ಬಳಸುವ ದೊಡ್ಡ ಟ್ಯೂಬುಲರ್ ಬ್ಯಾಟರಿ ಒಂದಕ್ಕೆ 50 ಕಿಲೋ ಮೇಲೆ. ಎಂಟಡಿ-ನಾಲ್ಕಡಿಯ 18 ಮಿಲಿಮೀಟರ್ ಪ್ಲೈವುಡ್ ಹಾಳೆ ಒಂದಕ್ಕೆ 30 ಕಿಲೋ ಆಸುಪಾಸು. ಕಪಾಟು, ಮಂಚ ಎಂದು ಹತ್ತು ಹಾಳೆ ಹೋದರೆ 300 ಕಿಲೋ. ಅದರ ಮೇಲೆ ಫ್ರಿಜ್, ಎಸಿ, ಸಿಲಿಂಡರ್, ಬಳಸಿದ ನೀರಿನ ಟ್ಯಾಂಕ್, ಜನರೇಟರ್, ನಾಲ್ಕು ಜನ, ಅವರ ಸಾಮಾನು. ಕಿತ್ತ ಸೀಟುಗಳ ತೂಕವನ್ನು ಕಳೆದರೂ ಹದಿನೇಳು ಜನರ ಭಾರ ಸುಲಭವಾಗಿ ತಲುಪುತ್ತದೆ, ಗಮನಿಸದಿದ್ದರೆ ದಾಟುತ್ತದೆ.

ವ್ಯತ್ಯಾಸ ಇರುವುದು ಬೇರೆ ಎರಡು ಕಡೆ. ಜನ ಹತ್ತಿ ಇಳಿಯುತ್ತಿದ್ದರು, ಗಾಡಿ ಎಷ್ಟೋ ಸಲ ಖಾಲಿ ಓಡುತ್ತಿತ್ತು. ಮನೆ ಇಳಿಯುವುದಿಲ್ಲ. ಪ್ರತಿ ಬ್ರೇಕ್, ಪ್ರತಿ ಇಳಿಜಾರು ಈಗ ಪೂರ್ತಿ ಭಾರದ್ದೇ. ಇನ್ನೊಂದು, ಜನ ಗಾಡಿಯ ಉದ್ದಕ್ಕೂ ಹಂಚಿ ಕೂರುತ್ತಿದ್ದರು. ನೀರಿನ ಟ್ಯಾಂಕ್, ಬ್ಯಾಟರಿ, ಶೌಚಾಲಯವೆಲ್ಲ ಹಿಂಬದಿಯ ಒಂದೇ ಮೂಲೆಗೆ ಬಿದ್ದರೆ ಆ ಭಾಗದ ಟೈರ್ ಮತ್ತು ಬ್ರೇಕ್ ಮಿತಿ ಮೀರಿ ದುಡಿಯುತ್ತವೆ.

ಹಾಗಾಗಿ ಬ್ರೇಕ್ ಕೆಲಸದ ಮೊದಲ ಹೆಜ್ಜೆ ಗ್ಯಾರೇಜ್ ಅಲ್ಲ, ವೇಬ್ರಿಡ್ಜ್. ನೀರು ತುಂಬಿಸಿ, ಎಲ್ಲರೂ ಕೂತು, ಪ್ರವಾಸಕ್ಕೆ ಹೊರಟ ಸ್ಥಿತಿಯಲ್ಲೇ ತೂಗಿಸಿ. ಮೊದಲು ಮುಂದಿನ ಚಕ್ರಗಳನ್ನಷ್ಟೇ ಹತ್ತಿಸಿ ಒಂದು ತೂಕ, ಆಮೇಲೆ ಇಡೀ ಗಾಡಿಯ ತೂಕ. ಕಳೆದರೆ ಹಿಂದಿನ ಆಕ್ಸಲ್ ಮೇಲಿನ ಭಾರ ಸಿಗುತ್ತದೆ. ಆರ್‌ಸಿಯಲ್ಲಿರುವ ಗರಿಷ್ಠ ತೂಕದ ಜೊತೆಗೂ ಕಂಪನಿ ಹೇಳಿದ ಆಕ್ಸಲ್ ಮಿತಿಯ ಜೊತೆಗೂ ಹೋಲಿಸಿ. ನಾಲ್ಕು ಟನ್ನಿನ ಗಾಡಿಯಲ್ಲಿ 200 ಕಿಲೋ ಇಳಿಸಿದರೆ ಪ್ರತಿ ಇಳಿಜಾರಿನಲ್ಲೂ ಶೇಕಡ 5ರಷ್ಟು ಶಾಖ ಕಡಿಮೆ, ಅದೂ ಖರ್ಚಿಲ್ಲದೆ.

'ದೊಡ್ಡ ಡಿಸ್ಕ್ ಹಾಕಿಸಿದರೆ ಬೇಗ ನಿಲ್ಲುತ್ತದೆ'

ಗಾಡಿಯನ್ನು ಕೊನೆಗೂ ನಿಲ್ಲಿಸುವುದು ರಸ್ತೆಯನ್ನು ಮುಟ್ಟಿರುವ ಟೈರ್. ಬ್ರೇಕ್ ಚಕ್ರವನ್ನು ಮಾತ್ರ ಹಿಡಿಯಬಲ್ಲದು. ಒಣಗಿದ ಒಳ್ಳೆಯ ರಸ್ತೆಯಲ್ಲಿ 80ರ ವೇಗದಿಂದ ನಿಲ್ಲಲು, ಟೈರಿನ ಹಿಡಿತದ ಲೆಕ್ಕದಲ್ಲಿ, ಸುಮಾರು 36 ಮೀಟರ್ ಬೇಕು. ಮಳೆಗೆ ನೆನೆದ ರಸ್ತೆಯಲ್ಲಿ ಅದು 60 ಮೀಟರ್ ದಾಟಬಹುದು. ಅಪಾಯ ಕಂಡು ಕಾಲು ಪೆಡಲ್ ಮೇಲೆ ಬರುವ ಒಂದೊಂದೂವರೆ ಸೆಕೆಂಡಿನಲ್ಲಿ ಗಾಡಿ ಓಡಿದ 22ರಿಂದ 33 ಮೀಟರ್ ಇದಕ್ಕೆ ಬೇರೆ ಸೇರಬೇಕು.

ಪೂರ್ತಿ ಭಾರದಲ್ಲಿ ಜೋರಾಗಿ ತುಳಿದಾಗ ಚಕ್ರ ಲಾಕ್ ಆಗುವಷ್ಟು ಅಥವಾ ಎಬಿಎಸ್ ಕೆಲಸ ಶುರು ಮಾಡುವಷ್ಟು ಬಲ ಬ್ರೇಕ್‌ಗೆ ಈಗಾಗಲೇ ಇದ್ದರೆ, ಇನ್ನೂ ದೊಡ್ಡ ಡಿಸ್ಕ್ ಹಾಕಿದ್ದರಿಂದ ಆ ಒಂದು ನಿಲುಗಡೆಯ ದೂರ ಕಡಿಮೆಯಾಗದು. ಆರೇಳು ವರ್ಷ ಹಳೆಯ, ಗಟ್ಟಿಯಾಗಿ ಹೋದ ಟೈರ್ ಬದಲಿಸಿದರೆ ಕಡಿಮೆಯಾಗಬಹುದು. ಟೈರಿನ ಬದಿಯಲ್ಲಿರುವ ನಾಲ್ಕು ಅಂಕಿಗಳು ಅದು ತಯಾರಾದ ವಾರ ಮತ್ತು ವರ್ಷ; 2321 ಎಂದಿದ್ದರೆ 2021ರ ಇಪ್ಪತ್ಮೂರನೆಯ ವಾರ. ಕ್ಯಾರವಾನ್‌ಗಳಲ್ಲಿ ಟೈರ್ ಸವೆಯುವ ಮೊದಲೇ ಮುದಿಯಾಗುವುದೇ ಹೆಚ್ಚು.

ಹಾಗಾದರೆ ದೊಡ್ಡ ಡಿಸ್ಕ್ ದಂಡವೆ? ಅಲ್ಲ. ಹೆಚ್ಚು ಲೋಹ ಇದ್ದರೆ ಹೆಚ್ಚು ಶಾಖ ಹಿಡಿಯುತ್ತದೆ, ಹೆಚ್ಚು ಮೈ ಇದ್ದರೆ ಬೇಗ ತಣಿಯುತ್ತದೆ. ನಡುವೆ ಗಾಳಿ ಹಾಯುವ ಸೀಳುಗಳಿರುವ ಡಿಸ್ಕ್ ಇನ್ನೂ ಒಳ್ಳೆಯದು. ಅಂದರೆ ಅದರ ಲಾಭ ಹೆದ್ದಾರಿಯ ನಿಲುಗಡೆಗಿಂತ ಘಾಟಿಯ ಇಳಿಜಾರಿನಲ್ಲಿ ಹೆಚ್ಚು. ಆದರೆ ಆ ಶಾಖವನ್ನು ಹುಟ್ಟಿಸದೇ ಇರುವ ಪುಕ್ಕಟೆ ದಾರಿಯೂ ಇದೆ. ಅದಕ್ಕೆ ಆಮೇಲೆ ಬರುತ್ತೇವೆ.

ಮುಂದಿನ ಚಕ್ರಕ್ಕಷ್ಟೇ ಬಲವಾದ ಬ್ರೇಕ್ ಹಾಕಿ ಹಿಂದಿನದನ್ನು ಹಾಗೇ ಬಿಡುವುದರಲ್ಲೂ ಸಮಸ್ಯೆ ಇದೆ. ಮುಂದೆ ಎಷ್ಟು, ಹಿಂದೆ ಎಷ್ಟು ಎಂಬ ಹಂಚಿಕೆಯನ್ನು ಕಂಪನಿ ಪರೀಕ್ಷೆ ಮಾಡಿ ಇಟ್ಟಿರುತ್ತದೆ. ಕೇಳಿದವರು ಕಡಿಮೆ, ಆದರೆ ತಿಳಿದಿರಲೇಬೇಕಾದ ವಿಷಯ ಒಂದಿದೆ. ಅನೇಕ ವ್ಯಾನ್‌ಗಳಲ್ಲಿ ಹಿಂದಿನ ಆಕ್ಸಲ್ ಮತ್ತು ಚಾಸಿಸ್ ನಡುವೆ ಒಂದು ಸರಳಿನಿಂದ ಜೋಡಿಸಿದ ಲೋಡ್ ಸೆನ್ಸಿಂಗ್ ವಾಲ್ವ್ ಇರುತ್ತದೆ. ಭಾರ ಬಿದ್ದು ಚಾಸಿಸ್ ಕೆಳಗಿಳಿದರೆ ಅದು ಹಿಂದಿನ ಬ್ರೇಕ್‌ಗೆ ಹೆಚ್ಚು ಒತ್ತಡ ಬಿಡುತ್ತದೆ, ಚಾಸಿಸ್ ಎತ್ತರದಲ್ಲಿದ್ದರೆ ಗಾಡಿ ಖಾಲಿ ಎಂದು ತಿಳಿದು ಒತ್ತಡ ತಗ್ಗಿಸುತ್ತದೆ. ಕ್ಯಾರವಾನ್ ಮಾಡುವವರು ಹಿಂಬದಿ ಕುಸಿಯದಿರಲೆಂದು ಕಮಾನಿಗೆ ಇನ್ನೊಂದು ಪಟ್ಟಿ ಸೇರಿಸುತ್ತಾರೆ. ಗಾಡಿ ಭಾರವಾಗಿದ್ದರೂ ಚಾಸಿಸ್ ಇಳಿಯುವುದಿಲ್ಲ. ವಾಲ್ವ್ ಗಾಡಿ ಖಾಲಿ ಇದೆ ಎಂದೇ ನಂಬುತ್ತದೆ. ಆಗ ಹಿಂದಿನ ಬ್ರೇಕ್ ಅರೆಮನಸ್ಸಿನಿಂದ ದುಡಿದು, ಮುಂದಿನದರ ಮೇಲೆ ಎಲ್ಲ ಶಾಖ ಬೀಳುತ್ತದೆ. ಕಮಾನಿಗೆ ಕೈ ಹಾಕಿಸಿದ್ದರೆ ಈ ವಾಲ್ವ್ ಹೊಂದಿಸಿದ್ದಾರೆಯೇ ಎಂದು ಕೇಳಿ.

'ನ್ಯೂಟ್ರಲ್‌ನಲ್ಲಿ ಇಳಿದರೆ ಡೀಸೆಲ್ ಉಳಿಯುತ್ತದೆ'

ಇದು ಜೀವ ತೆಗೆಯುವ ನಂಬಿಕೆ. ಈಗಿನ ಎಂಜಿನ್‌ಗಳಲ್ಲಿ ಇದು ಸುಳ್ಳೂ ಹೌದು. ಗಾಡಿ ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟಾಗ ಎಲೆಕ್ಟ್ರಾನಿಕ್ ನಿಯಂತ್ರಣದ ಎಂಜಿನ್ ಡೀಸೆಲ್ ಸಿಂಪಡಿಸುವುದನ್ನೇ ನಿಲ್ಲಿಸುತ್ತದೆ. ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತಿರುತ್ತವೆ. ನ್ಯೂಟ್ರಲ್‌ಗೆ ಹಾಕಿದರೆ ಎಂಜಿನ್ ಆರದಿರಲು ಡೀಸೆಲ್ ಸುಡಲೇಬೇಕು.

ಎಂಜಿನ್ ಆರಿಸಿ ಇಳಿಯುವುದಂತೂ ಬೇಡವೇ ಬೇಡ. ಇಂಥ ವ್ಯಾನ್‌ಗಳಲ್ಲಿ ಕಾಲಿನ ಒತ್ತಡವನ್ನು ಹಲವು ಪಟ್ಟು ಮಾಡುವುದು ನಿರ್ವಾತದಿಂದ ನಡೆಯುವ ಬೂಸ್ಟರ್. ಎಂಜಿನ್ ನಿಂತರೆ ಎರಡು ಮೂರು ಸಲ ತುಳಿಯುವಷ್ಟರಲ್ಲಿ ಅದರ ನೆರವು ಮುಗಿಯುತ್ತದೆ. ಪವರ್ ಸ್ಟೀರಿಂಗ್ ಕೂಡ ಕಲ್ಲಾಗುತ್ತದೆ.

ಮೇಲೆ ಹೇಳಿದ ಪುಕ್ಕಟೆ ದಾರಿ ಇಲ್ಲೇ ಇದೆ. ಎರಡು ಮೂರು ಲೀಟರಿನ ಡೀಸೆಲ್ ಎಂಜಿನ್ನನ್ನು ಇಂಧನವಿಲ್ಲದೆ ವೇಗವಾಗಿ ತಿರುಗಿಸಲು ಹಲವು ಕಿಲೋವಾಟ್ ಶಕ್ತಿ ಬೇಕು. ಎರಡನೇ ಗೇರಿನಲ್ಲಿ ಇಳಿದರೆ ನಾವು ಲೆಕ್ಕ ಹಾಕಿದ ಆರು ಗೀಸರ್‌ಗಳಲ್ಲಿ ದೊಡ್ಡ ಪಾಲನ್ನು ಎಂಜಿನ್ನೇ ನುಂಗಿ, ರೇಡಿಯೇಟರ್ ಮತ್ತು ಸೈಲೆನ್ಸರ್ ಮೂಲಕ ಹೊರಹಾಕುತ್ತದೆ. ಬ್ರೇಕ್‌ಗೆ ತಿರುವುಗಳಲ್ಲಿ ಮಾತ್ರ ಕೆಲಸ. 'ಹತ್ತಿದ ಗೇರಿನಲ್ಲೇ ಇಳಿ' ಎಂಬ ಹಳೆಯ ಡ್ರೈವರ್‌ಗಳ ಮಾತಿನ ವಿಜ್ಞಾನ ಇದೇ. ಹೊಸ ಎಂಜಿನ್‌ಗಳಿಗೆ ಹತ್ತುವ ಕಸುವು ಹೆಚ್ಚಿರುವುದರಿಂದ ಭಾರದ ಗಾಡಿಗೆ ಇನ್ನೊಂದು ಗೇರ್ ಕಡಿಮೆ ಇಟ್ಟರೂ ತಪ್ಪಿಲ್ಲ. ಗೇರ್ ಇಳಿಸಬೇಕಾದದ್ದು ಇಳಿಜಾರು ಶುರುವಾಗುವ ಮೊದಲು, ಗಾಡಿ ಓಟ ಹಿಡಿದ ಮೇಲೆ ಅಲ್ಲ.

ಬ್ರೇಕ್ ಒತ್ತುವ ರೀತಿಯೂ ಮುಖ್ಯ. ಕಾಲನ್ನು ಪೆಡಲ್ ಮೇಲೆ ಸದಾ ಇಟ್ಟುಕೊಂಡು ಬರುವ ಬದಲು, ಗಟ್ಟಿಯಾಗಿ ಒತ್ತಿ ವೇಗ ತಗ್ಗಿಸಿ, ಪೂರ್ತಿ ಬಿಡಿ. ಬಿಟ್ಟ ಹೊತ್ತಿನಲ್ಲಿ ಡಿಸ್ಕ್‌ಗೆ ಗಾಳಿ ತಾಗುತ್ತದೆ. ಲಾರಿಗಳಲ್ಲಿರುವ ಎಕ್ಸಾಸ್ಟ್ ಬ್ರೇಕ್, ದೊಡ್ಡ ಐಷಾರಾಮಿ ಬಸ್‌ಗಳಲ್ಲಿರುವ ರಿಟಾರ್ಡರ್ ಮಾಡುವುದೂ ಇದೇ ಕೆಲಸ: ಚಕ್ರದ ಬ್ರೇಕ್ ಮುಟ್ಟದೆ ಗಾಡಿಯ ಓಟ ತಡೆಯುವುದು.

'ಹೊಗೆ ಬಂದರೆ ನೀರು ಹೊಯ್ಯಿ'

ಬೇಡ. ನೂರಾರು ಡಿಗ್ರಿ ಕಾದ ಎರಕದ ಕಬ್ಬಿಣಕ್ಕೆ ತಣ್ಣೀರು ಬಿದ್ದರೆ ಹೊರಮೈ ಥಟ್ಟನೆ ಕುಗ್ಗಿ, ಒಳಭಾಗ ಹಿಗ್ಗಿಯೇ ಇದ್ದು, ಬಿರುಕು ಬಿಡುತ್ತದೆ ಅಥವಾ ಸೊಟ್ಟಗಾಗುತ್ತದೆ. ಅಗಲವಾದ ಜಾಗ ನೋಡಿ ನಿಲ್ಲಿಸಿ, ಗಾಡಿಯನ್ನು ಗೇರಿನಲ್ಲಿಟ್ಟು, ಚಕ್ರಕ್ಕೆ ಮರದ ಅಡ್ಡಗಟ್ಟೆ ಕೊಡಿ, ಗಾಳಿಗೆ ತಣಿಯಲು ಅರ್ಧ ಗಂಟೆ ಬಿಡಿ. ಹ್ಯಾಂಡ್‌ಬ್ರೇಕನ್ನು ಕಾದ ಡ್ರಮ್ ಮೇಲೆ ಬಿಗಿದರೆ ಡ್ರಮ್ ತಣಿದು ಕುಗ್ಗುವಾಗ ಶೂಗೆ ಕಚ್ಚಿಕೊಳ್ಳಬಹುದು. ಅಡ್ಡಗಟ್ಟೆ ಇಲ್ಲದೆ ಕಲ್ಲು ಕೊಟ್ಟಿದ್ದರೆ, ಹೊರಡುವಾಗ ಆ ಕಲ್ಲನ್ನು ರಸ್ತೆಯಿಂದ ತೆಗೆದಿಡಿ. ಹಿಂದೆ ಬರುವ ಬೈಕಿನವರ ಪ್ರಾಣ ಅದರ ಮೇಲಿದೆ.

ಇಳಿಯುತ್ತಿರುವಾಗಲೇ ಪೆಡಲ್ ನೆಲ ಮುಟ್ಟಿದರೆ? ಪೆಡಲನ್ನು ಬೇಗ ಬೇಗ ಪಂಪ್ ಮಾಡಿ. ಆವಿ ಇದ್ದರೂ ಸ್ವಲ್ಪ ಒತ್ತಡ ಸಿಗಬಹುದು. ಒಂದೊಂದೇ ಗೇರ್ ಇಳಿಸಿ. ಹ್ಯಾಂಡ್‌ಬ್ರೇಕನ್ನು ಒಮ್ಮೆಗೇ ಎಳೆಯದೆ ಸ್ವಲ್ಪ ಸ್ವಲ್ಪವಾಗಿ ಎಳೆಯಿರಿ. ಹಾರ್ನ್, ಲೈಟ್ ಹಾಕಿ. ಕೀ ತೆಗೆಯಬೇಡಿ, ಸ್ಟೀರಿಂಗ್ ಲಾಕ್ ಆದೀತು. ಬೇರೆ ದಾರಿಯೇ ಇಲ್ಲದಿದ್ದರೆ ಗಾಡಿ ಒರಗಬೇಕಾದದ್ದು ಗುಡ್ಡದ ಕಡೆಗೆ, ಕಣಿವೆಯ ಕಡೆಗಲ್ಲ.

ಏನು ನೋಡಬೇಕು, ಯಾವಾಗ?

ಮನೆಯಲ್ಲೇ ಮಾಡಬಹುದಾದ ಪರೀಕ್ಷೆಗಳಿವೆ. ಎಂಜಿನ್ ಆರಿಸಿ ಪೆಡಲನ್ನು ನಾಲ್ಕೈದು ಸಲ ತುಳಿಯಿರಿ, ಒತ್ತಿ ಹಿಡಿದೇ ಎಂಜಿನ್ ಶುರು ಮಾಡಿ. ಪೆಡಲ್ ಸ್ವಲ್ಪ ಕೆಳಗಿಳಿದರೆ ಬೂಸ್ಟರ್ ಕೆಲಸ ಮಾಡುತ್ತಿದೆ. ಒತ್ತಿ ಹಿಡಿದಾಗ ಪೆಡಲ್ ನಿಧಾನಕ್ಕೆ ಇಳಿಯುತ್ತಲೇ ಹೋದರೆ ಮಾಸ್ಟರ್ ಸಿಲಿಂಡರ್‌ನಲ್ಲೋ ಪೈಪಿನಲ್ಲೋ ಸೋರಿಕೆ ಇರಬಹುದು. ಹಾಗೇ ಬಿಟ್ಟು ಪ್ರವಾಸ ಹೊರಡಬೇಡಿ.

ಇಪ್ಪತ್ತು ಕಿಲೋಮೀಟರ್ ಸಾಮಾನ್ಯವಾಗಿ ಓಡಿಸಿ ನಿಲ್ಲಿಸಿದ ಮೇಲೆ, ಮುಟ್ಟದೆ ಉಷ್ಣತೆ ತೋರಿಸುವ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ಎಡ ಬಲ ಚಕ್ರಗಳನ್ನು ಹೋಲಿಸಿ. ಒಂದು ಚಕ್ರ ಮಾತ್ರ ಬಹಳ ಬಿಸಿ ಇದ್ದರೆ ಅಲ್ಲಿ ಬ್ರೇಕ್ ಬಿಡುತ್ತಿಲ್ಲ. ಒಂದು ಮಾತ್ರ ತಣ್ಣಗಿದ್ದರೆ ಅಲ್ಲಿ ಬ್ರೇಕ್ ಹಿಡಿಯುತ್ತಿಲ್ಲ. ತಿಂಗಳುಗಟ್ಟಲೆ ನಿಂತ ಗಾಡಿಗಳಲ್ಲಿ ಈ ಎರಡೂ ಸಾಮಾನ್ಯ. ವೀಲ್ ಸಿಲಿಂಡರ್ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತದೆ. ಹಳೆಯ ರಬ್ಬರ್ ಹೋಸ್ ಒಳಗೇ ಊದಿ, ಹೋದ ಆಯಿಲ್ ವಾಪಸ್ ಬರದಂತೆ ತಡೆಯುತ್ತದೆ. ಆದ್ದರಿಂದ ಗಾಡಿ ನಿಲ್ಲಿಸಿಟ್ಟಿದ್ದರೂ ತಿಂಗಳಿಗೊಮ್ಮೆ ಹತ್ತಿಪ್ಪತ್ತು ಕಿಲೋಮೀಟರ್ ಓಡಿಸುವುದು ಒಳ್ಳೆಯದು.

ಲೈನರ್ ಬದಲಿಸುವಾಗ ಒಂದು ಆರೋಗ್ಯದ ಮಾತು. ಹಳೆಯ ಲೈನರ್‌ಗಳಲ್ಲಿ ಕಲ್ನಾರು ಇರಬಹುದು. ಡ್ರಮ್ ಬಿಚ್ಚಿ ಏರ್ ಹೊಡೆದು ದೂಳು ಹಾರಿಸುವುದು ಗ್ಯಾರೇಜ್‌ಗಳಲ್ಲಿ ಈಗಲೂ ಇರುವ ಅಭ್ಯಾಸ. ಆ ಎಳೆಗಳು ಶ್ವಾಸಕೋಶ ಸೇರಿದರೆ ದಶಕಗಳ ನಂತರ ಕ್ಯಾನ್ಸರ್ ತರಬಲ್ಲವು. ಒದ್ದೆ ಬಟ್ಟೆಯಿಂದ ಒರೆಸುವುದು, ಮುಖಗವಸು ಹಾಕುವುದು ಮೆಕ್ಯಾನಿಕ್‌ಗೂ ಅವನ ಪಕ್ಕ ನಿಂತ ಹುಡುಗನಿಗೂ ಒಳ್ಳೆಯದು.

ಕಾನೂನು ಏನು ಹೇಳುತ್ತದೆ?

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಕೊಟ್ಟ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿದಿದೆ. ಕ್ಯಾರವಾನ್‌ಗಳಿಗೆ ಎಐಎಸ್-124 ಎಂಬ ಪ್ರತ್ಯೇಕ ಮಾನದಂಡವಿದೆ. ಹಾಗಾಗಿ ಕೆಲಸ ಶುರು ಮಾಡುವ ಮೊದಲು ನಿಮ್ಮ ಆರ್‌ಟಿಒ ಕಚೇರಿಯಲ್ಲಿ, ಕೆಎ 43 ನೋಂದಣಿಯವರಾದರೆ ದೇವನಹಳ್ಳಿಯಲ್ಲೇ, ವಿಚಾರಿಸಿ. ಒಪ್ಪಿಗೆ ಇಲ್ಲದ ಬದಲಾವಣೆಯಿಂದ ಅಪಘಾತದ ನಂತರ ವಿಮೆ ಪರಿಹಾರಕ್ಕೂ ತಕರಾರು ಏಳಬಹುದು.

ಬ್ರೇಕ್‌ಗೆ ಇಂತಿಷ್ಟು ಹಣ ಎಂದು ಎತ್ತಿಟ್ಟಿದ್ದರೆ ಅದನ್ನು ಈ ಕ್ರಮದಲ್ಲಿ ಖರ್ಚು ಮಾಡಿ: ಮೊದಲು ತೂಗಿಸಿ, ಬೇಡದ ಭಾರ ಇಳಿಸಿ. ಈಗಿರುವ ಬ್ರೇಕನ್ನು ಹೊಸ ಗಾಡಿಯಲ್ಲಿದ್ದ ಸ್ಥಿತಿಗೆ ತನ್ನಿ: ಆಯಿಲ್, ಹೋಸ್, ಸಿಲಿಂಡರ್, ಡ್ರಮ್, ಡಿಸ್ಕ್. ಆಮೇಲೆ ಟೈರ್. ಅದಾದ ಮೇಲೆ ಕಂಪನಿಯ ಗುಣಮಟ್ಟದ ಪ್ಯಾಡ್ ಮತ್ತು ಲೈನರ್. ಹೊಸದು ಹಾಕಿದ ಮೇಲೆ ಮೊದಲ ಇನ್ನೂರು ಮುನ್ನೂರು ಕಿಲೋಮೀಟರ್ ಮೃದುವಾಗಿ ಓಡಿಸಿ ಅದು ಕೂತುಕೊಳ್ಳಲು ಬಿಡಿ. ದೊಡ್ಡ ಡಿಸ್ಕ್, ಹೆಚ್ಚುವರಿ ಬ್ರೇಕ್ ಎಲ್ಲ ಕೊನೆಗೆ, ಅದೂ ನಿಮ್ಮ ಮಾದರಿಗೆ ಒಪ್ಪಿಗೆ ಇದ್ದರೆ ಮಾತ್ರ.

ಪಟ್ಟಿಯಲ್ಲಿ ಇಲ್ಲದ, ದುಡ್ಡೂ ಬೇಡದ ಒಂದು ಭಾಗ ಡ್ರೈವರ್ ಸೀಟಿನಲ್ಲಿದೆ. ಬೆಟ್ಟದ ತಲೆಯಲ್ಲಿ ಎರಡನೇ ಗೇರ್ ಹಾಕಿದವರ ಬ್ರೇಕ್, ಕೆಳಗೆ ಬರುವಷ್ಟರಲ್ಲಿ ಇನ್ನೂ ಒಂದು ಜೋರಾದ ನಿಲುಗಡೆಗೆ ಆಗುವಷ್ಟು ತಣ್ಣಗಿರುತ್ತದೆ. ಬೆಟ್ಟದ ಬುಡದಲ್ಲಿ ರಸ್ತೆ ದಾಟುವ ಮಕ್ಕಳು, ಕುರಿಗಳು, ದ್ರಾಕ್ಷಿ ಮಾರುವವರು ಎಲ್ಲ ಇರುತ್ತಾರೆ. ಆ ನಿಲುಗಡೆ ಬೇಕಾಗುವುದು ಅಲ್ಲೇ.